ಗೂಗಿಗುಡ್ಡದ ನಾನೂರ ಹನ್ನೆರಡು ಫೋನುಗಳು

ಮಧ್ಯಾಹ್ನ ಹನ್ನೆರಡೂವರೆಗೆ ಕರಿಹೊಳೆ ಅಣೆಕಟ್ಟಿನ ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಮೂರು ಸಾಲು ಮೂಡಿದವು. ಮುಖ್ಯ ಅಣೆಕಟ್ಟೇ ಒಡೆದರೆ ಜೀವಹಾನಿ 41,206. ಬಲದಂಡೆಯ ಒಡ್ಡನ್ನು ಕಡಿದರೆ ಜೀವಹಾನಿ 11.4. ಎಡದಂಡೆಯ ಒಡ್ಡನ್ನು ಕಡಿದರೆ ಜೀವಹಾನಿ 0.0.

ಬರೀ ಸೊನ್ನೆಯಲ್ಲ, ಸೊನ್ನೆ ಪಾಯಿಂಟ್ ಸೊನ್ನೆ. ಒಬ್ಬ ಮನುಷ್ಯನ ಹತ್ತನೇ ಒಂದು ಪಾಲೂ ಸಾಯುವುದಿಲ್ಲ ಎಂದು ಯಂತ್ರ ಅಷ್ಟು ಖಚಿತವಾಗಿ ಹೇಳಿತ್ತು. ಮುಖ್ಯ ಎಂಜಿನಿಯರ್ ಚನ್ನವೀರಪ್ಪ ಹಂಚಿನಮನಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಆ ಸೊನ್ನೆಗಳನ್ನು ನೋಡಿದರು. ಬೆಳಗಿನಿಂದ ಬಿಗಿದುಕೊಂಡಿದ್ದ ಅವರ ಮುಖ ಸಡಿಲವಾಯಿತು. ಎಲ್ಲರಿಗೂ ಚಹಾ ತರಿಸಿದರು.

ಭಾಗೀರಥಿ ಅಂಬಿಗೇರಳಿಗೂ ಆಗ ಸಮಾಧಾನವೇ ಆಯಿತು. ಅದನ್ನು ನೆನೆದರೆ ಅವಳಿಗೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ. ಆ ಯಂತ್ರಕ್ಕೆ ಜನರನ್ನು ಎಣಿಸಲು ಕಲಿಸಿದವಳು ಅವಳೇ.

ಹಿಂದೆಲ್ಲ ಗೇಟು ಎತ್ತಬೇಕೋ ಬೇಡವೋ ಎಂದು ಮನುಷ್ಯರು ತೀರ್ಮಾನಿಸುತ್ತಿದ್ದರು. ತಪ್ಪಾದರೆ ಬೈಯಲು ಒಂದು ಮುಖವಿತ್ತು, ಮುತ್ತಿಗೆ ಹಾಕಲು ಒಂದು ಕಚೇರಿಯಿತ್ತು. ಆಮೇಲೆ ಎಲ್ಲೋ ಒಂದು ಅಣೆಕಟ್ಟು ಒಡೆಯಿತು. ವಿಚಾರಣೆ ಹನ್ನೊಂದು ವರ್ಷ ನಡೆದು, ಯಾರ ತಪ್ಪೂ ಅಲ್ಲ ಎಂದು ತೀರ್ಪಾಯಿತು. ಆಗ ಸರ್ಕಾರ ಒಂದು ಕಾಯ್ದೆ ತಂದಿತು. ಪ್ರವಾಹದ ಕಾಲದಲ್ಲಿ ಅಣೆಕಟ್ಟಿನ ತೀರ್ಮಾನವೆಲ್ಲ ಇನ್ನು ಮೇಲೆ ‘ನೀರುನೋಟ’ ಎಂಬ ಯಂತ್ರದ್ದು. ಮಳೆ ಎಷ್ಟು, ಒಳಹರಿವು ಎಷ್ಟು, ಕಟ್ಟೆಯ ಗೋಡೆಯಲ್ಲಿ ಎಷ್ಟು ನೀರು ಜಿನುಗುತ್ತಿದೆ, ಕೆಳಗಿನ ನೆಲ ಎಲ್ಲಿ ತಗ್ಗು ಎಲ್ಲಿ ದಿಬ್ಬ ಎಂಬುದೆಲ್ಲ ಅದರ ಹೊಟ್ಟೆಯಲ್ಲಿತ್ತು. ಹತ್ತು ನಿಮಿಷಕ್ಕೊಮ್ಮೆ ಅದು ಅಣೆಕಟ್ಟನ್ನು ತನ್ನೊಳಗೇ ಒಡೆದು ನೋಡುತ್ತಿತ್ತು. ಯಾವ ಊರಿಗೆ ನೀರು ಎಷ್ಟು ನಿಮಿಷಕ್ಕೆ ಬರುತ್ತದೆ, ಎದೆಮಟ್ಟವೋ ಮಾಳಿಗೆಮಟ್ಟವೋ, ಎಷ್ಟು ಜನ ಸಾಯುತ್ತಾರೆ ಎಂದು ಲೆಕ್ಕ ಹಾಕಿ, ಎಲ್ಲಿ ಕಡಿಮೆ ಸಾವೋ ಆ ದಾರಿ ಹಿಡಿಯುತ್ತಿತ್ತು. ಹಂಚಿನಮನಿಯವರಿಗೆ ನೀರುನೋಟದ ಮೇಲೆ ಬಹಳ ಪ್ರೀತಿ. ಮೂವತ್ತು ವರ್ಷದ ನೌಕರಿಯಲ್ಲಿ ತಮ್ಮ ಸಹಿಯ ಮೇಲೆ ಇನ್ನೊಬ್ಬರ ಸಹಿ ಇಲ್ಲದ ಒಂದು ಕಾಗದಕ್ಕೂ ಅವರು ಪೆನ್ನು ತಾಗಿಸಿದವರಲ್ಲ. ಈಗ ಆ ಮೇಲಿನ ಸಹಿಯನ್ನು ಯಂತ್ರವೇ ಮಾಡುತ್ತಿತ್ತು.

ಜನ ಎಲ್ಲಿದ್ದಾರೆ ಎಂದು ಯಂತ್ರಕ್ಕೆ ತಿಳಿಸುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಹಳೆಯ ಜನಗಣತಿ ಸಾಕು ಎಂದಿದ್ದರು. ಭಾಗೀರಥಿ ಒಪ್ಪಲಿಲ್ಲ. ಅವಳು ಹುಟ್ಟುವ ಮುಂಚೆ, ಇದೇ ಅಣೆಕಟ್ಟಿಗಾಗಿ ಮುಳುಗಡೆಯ ಮನೆಗಳನ್ನು ಎಣಿಸಲು ಬಂದವರು ಒಂದೇ ದಿನ ಬಂದಿದ್ದರು. ಆ ದಿನ ಅಂಬಿಗರ ಓಣಿಯವರೆಲ್ಲ ಬಲೆ ಹಾಕಲು ಹೊಳೆಗೆ ಹೋಗಿದ್ದರು. ಬಾಗಿಲಿಗೆ ಕೀಲಿ ಇದ್ದ ಮನೆಯನ್ನೆಲ್ಲ ಖಾಲಿ ಮನೆ ಎಂದು ಬರೆದುಕೊಂಡು ಹೋದರು. ಅವಳ ಅವ್ವ ದುರುಗವ್ವನಿಗೆ ಒಂದು ಗೇಣು ಜಾಗ ಸಿಗಲಿಲ್ಲ. ಆ ಕಥೆ ಕೇಳಿಯೇ ಭಾಗೀರಥಿ ಬೆಳೆದದ್ದು. ಅದಕ್ಕೇ ಅವಳು ಫೋನುಗಳನ್ನು ಎಣಿಸಿ ಎಂದಳು. ಬಾಗಿಲಿಗೆ ಕೀಲಿ ಇದ್ದರೂ ಮನುಷ್ಯನ ಕಿಸೆಯಲ್ಲಿ ಫೋನು ಇರುತ್ತದೆ. ಪ್ರತಿ ಫೋನಿಗೆ ಎರಡೂವರೆ ಮನುಷ್ಯರು ಎಂದು ಲೆಕ್ಕ ಕಟ್ಟಿಕೊಟ್ಟಳು. ಎಲ್ಲರೂ ಹೊಗಳಿದರು.

ಈ ದಿನ ಹದಿನಾಲ್ಕು ಗೇಟುಗಳಲ್ಲಿ ಎರಡು ಕಚ್ಚಿಕೊಂಡು ನಿಂತಿದ್ದವು. ಮುಖ್ಯ ಗೋಡೆಯಲ್ಲಿ ಜಿನುಗು ಹೆಚ್ಚುತ್ತಿತ್ತು. ಸಂಜೆ ನಾಲ್ಕು ನಲವತ್ತಕ್ಕೆ ನೀರು ಮಿತಿ ದಾಟುತ್ತದೆ, ಅಷ್ಟರೊಳಗೆ ಎರಡರಲ್ಲಿ ಒಂದು ಒಡ್ಡನ್ನು ಕಡಿಯಲೇಬೇಕಿತ್ತು. ಮನೆಯಲ್ಲಿ ಕರೆಂಟು ಹೆಚ್ಚಾದಾಗ ಫ್ಯೂಸು ತಾನು ಸುಟ್ಟು ಮನೆಯನ್ನು ಉಳಿಸುತ್ತದಲ್ಲ, ಆ ಒಡ್ಡುಗಳ ಕೆಲಸವೂ ಅದೇ. ಮಣ್ಣಿನ ಒಡ್ಡು, ಒಳಗೆ ಸಿಡಿಮದ್ದು. ಯಂತ್ರ ಗುಂಡಿ ಒತ್ತಿದರೆ ಒಡ್ಡು ಹೋಗುತ್ತದೆ, ಅಣೆಕಟ್ಟು ಉಳಿಯುತ್ತದೆ.

ಎಡದಂಡೆ ಎಂದು ಪರದೆ ಹೇಳಿತು. ಭಾಗೀರಥಿ ಹಿಂದಿನ ಬೆಳಗಿನಿಂದ ಕೂತಲ್ಲೇ ಇದ್ದಳು. ಸಾಹೇಬರು ಊಟ ಮಾಡಿಕೊಂಡು ಬಾ ಎಂದರು. ಕಾಲೊನಿಯ ಮನೆ ಐದು ನಿಮಿಷದ ದಾರಿ.

ದುರುಗವ್ವ ರೊಟ್ಟಿ ತಟ್ಟುತ್ತ ಕಾಯುತ್ತಿದ್ದಳು. ಮಂಗಳವಾರವಾದ್ದರಿಂದ ತಗ್ಗಿನಕೊಪ್ಪದಿಂದ ಮೀನು ಮಾರುವ ಫಕೀರವ್ವ ಬರುವ ದಿನ. ಇಂಥ ಮಳೆಯಲ್ಲಿ ಆ ಹೆಂಗಸು ಬುಟ್ಟಿ ಹೊತ್ತು ಹೊರಟುಬಿಟ್ಟಾಳು ಎಂದು ದುರುಗವ್ವನಿಗೆ ಚಿಂತೆ. ಮಗಳಿಗೆ ಪಲ್ಯ ಬಡಿಸಿ, ಫೋನನ್ನು ನೆಲದ ಮೇಲಿಟ್ಟು ಜೋರು ದನಿಗೆ ಹಾಕಿದಳು.

“ಫಕೀರವ್ವಾ, ಇವತ್ತ ಬರಬ್ಯಾಡವಾ.”

“ಫಕೀರವ್ವ ಅಲ್ಲಬೇ, ನಾ ಹುಲಿಗೆವ್ವ. ಅಕಿ ಊರಾಗ ಅದಾಳ. ಹಳ್ಳ ತುಂಬಿ ಹರ್ಯಾಕ ಹತ್ತೈತಿ, ನಿನ್ನೆ ಸಂಜಿಂದ ಒಬ್ರೂ ಈ ಕಡೆ ಬಂದಿಲ್ಲ. ಏನರ ಹೇಳೂದೈತೇನು?”

ಭಾಗೀರಥಿ ಇದು ಯಾರು ಎಂದು ಕೇಳಿದಳು. ಸುಮ್ಮನೆ ಮಾತಿಗೆಂದು ಕೇಳಿದ್ದು. ದುರುಗವ್ವ ರೊಟ್ಟಿ ಮಗುಚುತ್ತ ಹೇಳಿದಳು. ತಗ್ಗಿನಕೊಪ್ಪದಲ್ಲಿ ಸಿಗ್ನಲ್ ಎಲ್ಲಿದೆ? ಊರು ಹೊಳೆಗೂ ಹಳ್ಳಕ್ಕೂ ನಡುವೆ ಕುಣಿಯಲ್ಲಿದೆ. ಹಳ್ಳದ ಈಚೆ ಗೂಗಿಗುಡ್ಡದ ಮೇಲೆ ಮಾತ್ರ ಫೋನು ಹತ್ತುತ್ತದೆ. ಅದಕ್ಕೆ ಊರಿನವರ ಫೋನೆಲ್ಲ ಗುಡ್ಡದ ಮೇಲಿನ ಒಂದು ಕೋಣೆಯಲ್ಲಿ ಗೂಟಕ್ಕೆ ನೇತಾಡುತ್ತವೆ. ಹುಲಿಗೆವ್ವ ಕಾಯುತ್ತಾಳೆ, ಬಂದ ಕರೆ ಎತ್ತುತ್ತಾಳೆ. ಸುಗ್ಗಿಯಲ್ಲಿ ಮನೆಗೊಂದು ಸೇರು ಜೋಳ ಕೊಡುತ್ತಾರೆ. ಎಷ್ಟೋ ವರ್ಷದಿಂದ ಹೀಗೇ ನಡೆದಿದೆ, ನಿನಗೆ ಗೊತ್ತಿಲ್ಲವೇ ಎಂದು ಮಗಳನ್ನೇ ಕೇಳಿದಳು.

ಭಾಗೀರಥಿಯ ಕೈಯ ರೊಟ್ಟಿ ತಾಟಿಗೆ ಬಿತ್ತು. ಅವಳು ಬಗ್ಗಿ ಫೋನು ಎತ್ತಿಕೊಂಡಳು.

“ಆಯೀ, ನಿಮ್ಮ ಹತ್ರ ಎಷ್ಟ ಫೋನ್ ಅದಾವು?”

“ನಾಕನೂರಾ ಹನ್ನೆರಡವಾ. ಯಾಕ?”

ಆ ಸಂಖ್ಯೆ ಭಾಗೀರಥಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ನಕ್ಷೆಯ ಮೇಲೆ, ಒಂದು ಬೋಳುಗುಡ್ಡದ ತಲೆಯಲ್ಲಿ, ಒಕ್ಕಣೆಯ ಕಣದಷ್ಟು ಜಾಗದಲ್ಲಿ ನಾನೂರ ಹನ್ನೆರಡು ಫೋನು ಹಗಲೂ ರಾತ್ರಿ ಕದಲದೆ ಕೂತಿದ್ದವು. ಇದೇನಿರಬಹುದು ಎಂದು ಅವಳೂ ತಲೆ ಕೆರೆದುಕೊಂಡಿದ್ದಳು. ಸಮೀಕ್ಷೆಯ ಗುತ್ತಿಗೆ ಹಿಡಿದವರು ಯಾವುದೋ ವಸತಿ ಶಾಲೆ ಇರಬೇಕು ಎಂದು ಬರೆದುಕೊಟ್ಟರು. ಅವಳು ಕುರ್ಚಿಯಿಂದ ಏಳದೆ ‘ವಸತಿ ಶಾಲೆ, 1,030 ಜನ, ಎತ್ತರದ ಸ್ಥಳ, ಅಪಾಯವಿಲ್ಲ’ ಎಂದು ತುಂಬಿದಳು. ಗುಡ್ಡದ ಕೆಳಗೆ, ಎಡದಂಡೆಯ ನೀರಿನ ದಾರಿಯಲ್ಲೇ ಇದ್ದ ತಗ್ಗಿನಕೊಪ್ಪದಲ್ಲಿ ಒಂದು ಫೋನೂ ಕಾಣಲಿಲ್ಲ. ಅದರ ಮುಂದೆ ಜನವಸತಿ ಸೊನ್ನೆ ಎಂದು ಬರೆದಳು. ಚಂದ್ರನ ಮೇಲೆ ಫೋನು ಹತ್ತುವ ಕಾಲದಲ್ಲಿ, ಅಣೆಕಟ್ಟಿನ ಬುಡದ ಊರಿಗೆ ಸಿಗ್ನಲ್ ಇಲ್ಲದೆ ಜನ ಗುಡ್ಡ ಹತ್ತಿ ಮಾತಾಡುತ್ತಾರೆ ಎಂಬುದು ಯಾರ ತಲೆಗೂ ಬರಲಿಲ್ಲ. ಒಂದು ಜೀಪು, ಅರ್ಧ ಗಂಟೆ. ಅಷ್ಟು ಖರ್ಚು ಮಾಡಿದ್ದರೆ ಸಾಕಿತ್ತು.

ಅವಳು ಕೈ ತೊಳೆಯದೆ ಓಡಿದಳು.

ಹಂಚಿನಮನಿಯವರು ಅವಳ ಮಾತನ್ನು ಪೂರ್ತಿ ಕೇಳಿದರು. ಅದೊಂದು ಗುಣ ಅವರಿಗಿತ್ತು, ಏನೂ ಮಾಡದಿದ್ದರೂ ಪೂರ್ತಿ ಕೇಳುತ್ತಿದ್ದರು. ಆಮೇಲೆ ಒಂದೊಂದೇ ಬಾಗಿಲು ಹಾಕುತ್ತ ಹೋದರು. ಮಾಹಿತಿ ತಿದ್ದೋಣ ಎಂದರೆ, ಯಾರೂ ಕೈಯಾಡಿಸಬಾರದೆಂದು ಮಳೆಗಾಲದಲ್ಲಿ ಕಾಯ್ದೆಯೇ ಅದಕ್ಕೆ ಬೀಗ ಹಾಕಿದೆ. ಹೆಲಿಕಾಪ್ಟರ್ ಈ ಮೋಡದಲ್ಲಿ ಏಳುವುದಿಲ್ಲ. ರಕ್ಷಣಾ ದಳದ ದೋಣಿ ಬರಲು ನಾಲ್ಕು ಗಂಟೆ ಬೇಕು, ಬಂದರೂ ಆ ಹಳ್ಳದ ಸೆಳೆತಕ್ಕೆ ನಿಲ್ಲುವುದಿಲ್ಲ. ತಹಶೀಲ್ದಾರರಿಗೆ ಅವಳ ಎದುರೇ ಫೋನು ಮಾಡಿದರು. ತಗ್ಗಿನಕೊಪ್ಪ ಬೇಚರಾಕ್ ಗ್ರಾಮ, ಅಂದರೆ ಜನ ಬಿಟ್ಟುಹೋದ ಊರು, ನಿಮ್ಮ ಕಚೇರಿಯ ನಕ್ಷೆ ನೋಡಿಯೇ ಹೋದ ವರ್ಷ ಆ ಪಟ್ಟಿಗೆ ಸೇರಿಸಿದೆವು ಎಂದು ಆ ಕಡೆಯಿಂದ ಉತ್ತರ ಬಂತು. ಭಾಗೀರಥಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅವಳ ತಪ್ಪೇ ಸರ್ಕಾರದ ಮನೆಯೊಳಗೆಲ್ಲ ಸುತ್ತಾಡಿ, ಸಾಕ್ಷಿಯಾಗಿ ಅವಳ ಎದುರಿಗೇ ಬಂದು ನಿಂತಿತ್ತು.

ಉಳಿದದ್ದು ಒಂದೇ ದಾರಿ. ಯಂತ್ರದ ತೀರ್ಮಾನವನ್ನು ದಾಟಲು ಮುಖ್ಯ ಎಂಜಿನಿಯರ್‌ಗೆ ಅಧಿಕಾರವಿತ್ತು. ಕಾರಣ ಬರೆದು ಸಹಿ ಹಾಕಬೇಕು. ಬಲದಂಡೆಯ ಕೆಳಗೆ ಸಕ್ಕರೆ ಕಾರ್ಖಾನೆಯಿದೆ, ಅದರ ಗೋದಾಮುಗಳಿವೆ, ಯಜಮಾನರ ಅತಿಥಿಗೃಹವಿದೆ. ಅಲ್ಲಿ ಸೈರನ್ ಇದೆ, ಬಸ್ಸುಗಳಿವೆ, ಹೆದ್ದಾರಿಯಿದೆ. ಮೂರು ಗಂಟೆಯಲ್ಲಿ ನಾಲ್ಕು ನೂರು ಕೆಲಸಗಾರರನ್ನು ಆಚೆ ಸಾಗಿಸಬಹುದು. ಬಲದಂಡೆಯ ನೀರು ತಗ್ಗಿನಕೊಪ್ಪ ದಾಟಿದ ಮೇಲಷ್ಟೇ ಹೊಳೆ ಸೇರುತ್ತದೆ. ಭಾಗೀರಥಿ ಇದನ್ನೆಲ್ಲ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದಳು. ಕಾರ್ಖಾನೆಯ ಯಜಮಾನರು ಬೆಳಗಿನಿಂದ ಮೂರು ಸಲ ಫೋನು ಮಾಡಿದ್ದನ್ನು ಕೊಠಡಿಯಲ್ಲಿದ್ದವರೆಲ್ಲ ನೋಡಿದ್ದರು, ಆ ಮಾತನ್ನು ಮಾತ್ರ ಯಾರೂ ಆಡಲಿಲ್ಲ.

“ನೋಡ್ರಿ ಮೇಡಂ,” ಎಂದರು ಸಾಹೇಬರು. “ಎಡದಂಡ್ಯಾಗ ಏನರ ಆದ್ರ ಅದು ಯಂತ್ರದ ತೀರ್ಮಾನ. ಬಲದಂಡಿ ಕಡೀರಿ ಅಂತ ನಾ ಸಹಿ ಮಾಡಿ, ಅಲ್ಲಿ ಒಬ್ಬ ಸತ್ರೂ ಅದು ನನ್ನ ತೀರ್ಮಾನ ಆಗ್ತೈತಿ.”

“ಸರ್, ಅಲ್ಲಿ ಸಾವಿರ ಮಂದಿ ಅದಾರ.”

“ನೀವ ಸೊನ್ನೆ ಅಂತ ಬರದೀರಲ್ಲ.”

ಅವಳಿಗೆ ಅವರ ಮೇಲೆ ಎಷ್ಟು ಸಿಟ್ಟೋ ತನ್ನ ಮೇಲೂ ಅಷ್ಟೇ ಸಿಟ್ಟು. ಪರದೆಯ ಮೂಲೆಯಲ್ಲಿ ಗೂಗಿಗುಡ್ಡದ ಮೇಲಿನ ಹಸಿರು ಚುಕ್ಕೆಗಳು ಒತ್ತೊತ್ತಾಗಿ ಮಿನುಗುತ್ತಿದ್ದವು. ಮಾಹಿತಿಗೆಲ್ಲ ಬೀಗ ಬಿದ್ದಿತ್ತು, ಫೋನುಗಳಿಗೆ ಮಾತ್ರ ಇರಲಿಲ್ಲ. ಅವು ಈಗ ಎಲ್ಲಿವೆ ಎಂಬುದನ್ನು ಯಂತ್ರ ಹತ್ತು ನಿಮಿಷಕ್ಕೊಮ್ಮೆ ಹೊಸದಾಗಿ ನೋಡುತ್ತಿತ್ತು. ಭಾಗೀರಥಿ ಆ ಚುಕ್ಕೆಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೊರಗೆ ಹೋಗಿ, ಇಲಾಖೆಯ ಜೀಪಿನ ಚಾಲಕ ಮಕ್ತುಮ್‌ಸಾಬನನ್ನು ಎಬ್ಬಿಸಿದಳು.

ಗೂಗಿಗುಡ್ಡದ ತಲೆಯ ಮೇಲೆ ಕಲ್ಲಿನ ಒಂದೇ ಕೋಣೆ, ಮಾಡಿನ ಮೇಲೆ ಎರಡು ಸೌರ ಫಲಕ. ಒಳಗೆ ಮೂರು ಗೋಡೆಗೆ ಗೂಟಗಳು, ಗೂಟಕ್ಕೊಂದು ಚೀಲ. ಹಳೆಯ ಸೀರೆಯಲ್ಲಿ ಹೊಲಿದ ಚೀಲಗಳು. ಓದಲು ಬಾರದವರಿಗೂ ಗುರುತು ಸಿಗಲೆಂದು ಒಂದಕ್ಕೆ ಕೆಂಪು ತೇಪೆ, ಒಂದಕ್ಕೆ ಗುಂಡಿ, ಒಂದಕ್ಕೆ ಕವಡೆ. ಹುಲಿಗೆವ್ವನಿಗೆ ಎಪ್ಪತ್ತು ದಾಟಿತ್ತು. ಮೋಟು ಬೀಡಿ ಸೇದುತ್ತ ಬಾಗಿಲಲ್ಲಿ ಕೂತಿದ್ದಳು. ಸರ್ಕಾರದ ಜೀಪು ನೋಡಿ ಏಳಲಿಲ್ಲ.

ಫೋನುಗಳನ್ನು ಕೊಡು ಎಂದರೆ ಅವಳು ಕೊಡಲಿಲ್ಲ. ಊರ ಮಂದಿ ನಂಬಿ ಇಟ್ಟದ್ದು, ಯಾರೋ ಬಂದು ಕೇಳಿದರೆ ಎತ್ತಿ ಕೊಡಲಾದೀತೇ ಎಂದಳು. ಮಕ್ತುಮ್‌ಸಾಬ ದೊಡ್ಡ ಸಾಹೇಬರ ಅಪ್ಪಣೆ ಎಂದು ಸುಳ್ಳು ಹೇಳಲು ಹೊರಟ. ಭಾಗೀರಥಿ ಅವನನ್ನು ತಡೆದು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ವಸತಿ ಶಾಲೆ ಎಂದು ಬರೆದದ್ದನ್ನೂ ಹೇಳಿದಳು. ಬಾಗಿಲಲ್ಲಿ ನಿಂತರೆ ಕೆಳಗೆ ತಗ್ಗಿನಕೊಪ್ಪ ಕಾಣುತ್ತಿತ್ತು. ಎರಡು ಕಡೆ ಕೆಂಪು ನೀರು, ನಡುವೆ ಇನ್ನೂರು ಮನೆ. ಮಾಳಿಗೆಗಳಿಂದ ಅಡುಗೆಯ ಹೊಗೆ ಏಳುತ್ತಿತ್ತು. ಒಬ್ಬಳು ಹೆಂಗಸು ದನ ಒಳಗೆ ಕಟ್ಟುತ್ತಿದ್ದಳು. ಒಡ್ಡು ಕಡಿದ ಇಪ್ಪತ್ತೆರಡು ನಿಮಿಷಕ್ಕೆ ಅಲ್ಲಿ ಮಾಳಿಗೆಯ ಮೇಲೆ ಮೂರಾಳು ನೀರು ನಿಲ್ಲುತ್ತದೆ ಎಂದು ಭಾಗೀರಥಿಗೆ ಗೊತ್ತಿತ್ತು. ಯಂತ್ರದ ಆ ಲೆಕ್ಕದಲ್ಲಿ ಮಾತ್ರ ತಪ್ಪಿರಲಿಲ್ಲ.

ಹುಲಿಗೆವ್ವ ಬೀಡಿ ಬಿಸಾಡಿದಳು.

“ನಮ್ಮನ್ನ ಎಣಸಾಕ ಒಬ್ಬರೂ ಇಲ್ಲಿಗೆ ಬರಲಿಲ್ಲೇನು?”

“ಇಲ್ಲ ಆಯಿ. ನಾನೂ ಬರಲಿಲ್ಲ.”

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದಳು. ಭಾಗೀರಥಿಯನ್ನೂ, ಅವಳ ಇಲಾಖೆಯನ್ನೂ, ಅಣೆಕಟ್ಟು ಕಟ್ಟಿದವರ ಏಳು ತಲೆಮಾರನ್ನೂ ಬಿಡಲಿಲ್ಲ. ಬೈಯುತ್ತಲೇ ಮೂಲೆಯ ಜೋಳದ ಚೀಲಗಳನ್ನು ಝಾಡಿಸಿ, ಗೂಟದಿಂದ ಫೋನುಗಳನ್ನು ಇಳಿಸತೊಡಗಿದಳು. ಐದು ಚೀಲ ತುಂಬಿದವು. ಜೀಪಿನಲ್ಲಿ ಐದು ಚೀಲದ ನಡುವೆ ತಾನೂ ಹತ್ತಿ ಕೂತಳು. ನೀ ಇಲ್ಲೇ ಇರು ಆಯಿ, ಅಲ್ಲಿ ಸಿಡಿಮದ್ದು ಇದೆ ಎಂದು ಭಾಗೀರಥಿ ಹೇಳಿದ್ದಕ್ಕೆ, ಫೋನು ಕಾಯುವುದು ನನ್ನ ಕೆಲಸ ಎಂದಷ್ಟೇ ಅಂದಳು.

ಆಗ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ವಸತಿ ಶಾಲೆಯ ಸಾವಿರದ ಮೂವತ್ತು ಜನ ಒಟ್ಟಿಗೆ ಗುಡ್ಡ ಇಳಿದು, ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಅಣೆಕಟ್ಟಿನ ಕಡೆಗೆ ಓಡಿಬರುತ್ತಿದ್ದರು. ನೀರುನೋಟಕ್ಕೆ ಅನುಮಾನ ಬರಲಿಲ್ಲ. ಅನುಮಾನಪಡುವುದನ್ನು ಯಾರೂ ಅದಕ್ಕೆ ಕಲಿಸಿರಲಿಲ್ಲ.

ಎಡದಂಡೆಯ ಒಡ್ಡು ಅರ್ಧ ಕಿಲೋಮೀಟರ್ ಉದ್ದ. ಒಂದು ಕಡೆ ಅಂಚಿನವರೆಗೆ ನೀರು, ಇನ್ನೊಂದು ಕಡೆ ಹಳ್ಳದ ಕೊರಕಲು. ಮೂವರೂ ಸೇರಿ ಆ ಮಳೆಯಲ್ಲಿ ಮಾರಿಗೊಂದರಂತೆ ಫೋನುಗಳನ್ನು ಕಲ್ಲಿನ ಅಂಚಿಗೆ ಇಟ್ಟುಕೊಂಡು ಹೋದರು. ಒದ್ದೆಯಾಗಬಾರದೆಂದು ಗೊಬ್ಬರದ ಚೀಲ ಹರಿದು ಹೊದಿಸಿದರು. ಒಡ್ಡಿನ ತುದಿ ಮುಟ್ಟಿದ ಮೇಲೆ ಉಳಿದವನ್ನು ಎರಡೆರಡಾಗಿ ಇಟ್ಟರು. ಮಕ್ತುಮ್‌ಸಾಬನಿಗೆ ಮನೆಯಲ್ಲಿ ಮೂರು ಮಕ್ಕಳಿದ್ದರು. ನೀ ಹೋಗು ಎಂದು ಭಾಗೀರಥಿ ಎರಡು ಸಲ ಹೇಳಿದಳು. ಅವನು ಕೇಳಿಸದವನಂತೆ ಇನ್ನೊಂದು ಚೀಲ ಬಿಚ್ಚಿದ.

ಮೂರು ಐವತ್ತಕ್ಕೆ ಅವಳ ಫೋನು ಬಡಿದುಕೊಂಡಿತು. ಕರೆ ಹಂಚಿನಮನಿಯವರದು. ಪರದೆಯ ಮೇಲೆ ಎಡದಂಡೆಯ ಜೀವಹಾನಿ 1,030 ಎಂದು ಬರುತ್ತಿದೆ, ಯಂತ್ರ ತೀರ್ಮಾನ ಬದಲಿಸಲು ಹೊರಟಿದೆ, ಏನು ಮಾಡಿದ್ದೀರಿ ಎಂದು ಕೇಳಿದರು. ಅವಳು ಹೇಳಿದಳು.

“ಅವು ಬರೇ ಫೋನ್ ಅದಾವು ಅಂತ ನನಗ ಗೊತ್ತಾತಲ್ಲ ಈಗ,” ಎಂದರು ಅವರು.

“ಹಂಗಾದ್ರ ಸಹಿ ಮಾಡ್ರಿ ಸರ್. ಒಡ್ಡಿನ ಮ್ಯಾಲೆ ಯಾರೂ ಇಲ್ಲ, ತಗ್ಗಿನಕೊಪ್ಪದಾಗೂ ಯಾರೂ ಇಲ್ಲ ಅಂತ ನಿಮ್ಮ ಕೈಯಾರೆ ಬರದು, ಕೆಳಗ ನಿಮ್ಮ ಹೆಸರು ಹಾಕ್ರಿ. ಯಂತ್ರ ನಿಮ್ಮ ಮಾತು ಕೇಳ್ತೈತಿ.”

ಅವಳ ಕಾಲ ಬುಡದಲ್ಲಿ ಒಂದು ಫೋನು ರಿಂಗಣಿಸಿತು. ಆಮೇಲೆ ಇನ್ನೊಂದು. ಕರಿಹೊಳೆ ಅಣೆಕಟ್ಟಿಗೆ ಅಪಾಯ ಎಂಬ ಸುದ್ದಿ ಹೊರಗೆ ಹೋಗಿತ್ತು. ಗೋವೆಯ ಬಂದರಿನಿಂದ, ಪುಣೆಯ ಕಟ್ಟಡಗಳಿಂದ, ಮಂಗಳೂರಿನ ಮೀನಿನ ದೋಣಿಗಳಿಂದ ದುಡಿಯಲು ಹೋದವರು ಮನೆಗೆ ಕರೆ ಮಾಡುತ್ತಿದ್ದರು. ಒಡ್ಡಿನ ಉದ್ದಕ್ಕೂ ಗೊಬ್ಬರದ ಚೀಲಗಳ ಅಡಿಯಲ್ಲಿ ಫೋನುಗಳು ಕೂಗತೊಡಗಿದವು. ಹುಲಿಗೆವ್ವ ಸೊಂಟ ಬಗ್ಗಿಸಿಕೊಂಡು ಒಂದೊಂದನ್ನೇ ಎತ್ತಿ, ಊರಾಗ ಅದಾರ, ಎಲ್ಲಾರೂ ಆರಾಮ ಅದಾರ ಎನ್ನುತ್ತ ನಡೆದಳು. ಯಾರದು ಎಂದು ನೋಡುವ ಅಗತ್ಯ ಅವಳಿಗಿರಲಿಲ್ಲ. ಚೀಲದ ತೇಪೆ ಮುಟ್ಟಿದರೆ ಮನೆಯ ಹೆಸರು ಗೊತ್ತಾಗುತ್ತಿತ್ತು.

ಭಾಗೀರಥಿ ತನ್ನ ಫೋನನ್ನು ಆ ಸದ್ದಿನ ಕಡೆ ಹಿಡಿದಳು.

“ಕೇಳಸ್ತೈತೇನ್ರಿ ಸರ್? ನೀವು ಯಾರೂ ಇಲ್ಲ ಅಂತ ಬರೀರಿ. ನಾ ಇಲ್ಲೇ ನಿಂತಿರ್ತೀನಿ.”

ಅವರು ಫೋನು ಇಟ್ಟುಬಿಟ್ಟರು. ಹಂಚಿನಮನಿಯವರಿಗೆ ಮನಸ್ಸು ಕರಗಿತು ಎಂದು ಯಾರೂ ತಿಳಿಯಬೇಕಾಗಿಲ್ಲ. ಮನಸ್ಸು ಕರಗಲಿಲ್ಲ, ಪೆನ್ನು ಏಳಲಿಲ್ಲ, ಅಷ್ಟೇ. ಬದುಕಿಡೀ ಸಹಿಗೆ ಹೆದರಿ ಬಾಳಿದ ಒಬ್ಬ ಮನುಷ್ಯನ ಹೇಡಿತನ ಆ ದಿನ ಒಂದು ಊರನ್ನು ಉಳಿಸಿತು. ನಾಲ್ಕು ಗಂಟೆಗೆ ಯಂತ್ರ ಬಲದಂಡೆ ಎಂದಿತು. ಕಾರ್ಖಾನೆಯ ಸೈರನ್ ಎಡದಂಡೆಯವರೆಗೆ ಕೇಳಿಸಿತು. ಕೆಲಸಗಾರರು ಹೆದ್ದಾರಿಗೆ ಓಡಿದರು, ಯಜಮಾನರ ಅತಿಥಿಗಳು ಅವರಿಗಿಂತ ಮುಂಚೆ ಓಡಿದರು. ಪರದೆಯ 11.4 ಇಳಿದು ಇಳಿದು 0.2ಕ್ಕೆ ಬಂತು. ನಾಲ್ಕು ಮೂವತ್ತೈದಕ್ಕೆ ಆಚೆಯ ಒಡ್ಡು ಹಾರಿತು. ಅವರ ಕಾಲ ಕೆಳಗಿನ ಮಣ್ಣು ಒಮ್ಮೆ ನಡುಗಿ, ಅಂಚಿನಲ್ಲಿದ್ದ ನೀರು ಕಣ್ಣೆದುರೇ ಒಂದು ಗೇಣು ಇಳಿಯಿತು. ಹುಲಿಗೆವ್ವ ಇನ್ನೂ ಒಂದು ಫೋನಿನಲ್ಲಿ ಮಾತಾಡುತ್ತಿದ್ದಳು.

ಒಬ್ಬರೂ ಸಾಯಲಿಲ್ಲ. ಕಾರ್ಖಾನೆಯ ಗೋದಾಮಿನಲ್ಲಿದ್ದ ಸಕ್ಕರೆಯೆಲ್ಲ ಕರಗಿತು. ಎರಡು ದಿನ ಹೊಳೆಯ ನೀರು ಸಿಹಿಯಾಗಿತ್ತು ಎಂದು ಕೆಳಗಿನ ಊರುಗಳಲ್ಲಿ ಜನ ತಮಾಷೆ ಮಾಡಿದರು. ಮಳೆ ಬಿಡದೆ ಹಳ್ಳ ಇಳಿಯದೆ, ಫೋನುಗಳು ಇನ್ನೂ ನಾಲ್ಕು ದಿನ ಒಡ್ಡಿನ ಮೇಲೇ ಉಳಿದವು. ಮತ್ತೆ ಎಡದಂಡೆ ಎಂದು ಯಂತ್ರಕ್ಕೆ ನೆನಪಾದರೆ ಏನು ಗತಿ ಎಂದು ಹುಲಿಗೆವ್ವ ಜಾಗ ಬಿಟ್ಟು ಕದಲಲಿಲ್ಲ. ದುರುಗವ್ವ ದಿನಕ್ಕೆರಡು ಸಲ ಅವಳಿಗೆ ರೊಟ್ಟಿ ಕಟ್ಟಿಕೊಂಡು ಹೋದಳು.

ಆಮೇಲೆ ವರದಿ ಬಂತು. ಎಡದಂಡೆಯಲ್ಲಿ ಜೀವಹಾನಿ 0.0 ಎಂದು ನೀರುನೋಟ ಅಂದಾಜು ಮಾಡಿತ್ತು, ವಾಸ್ತವದಲ್ಲಿಯೂ ಎಡದಂಡೆಯಲ್ಲಿ ಯಾರೂ ಸಾಯಲಿಲ್ಲ, ಆದಕಾರಣ ಯಂತ್ರದ ಅಂದಾಜು ನೂರಕ್ಕೆ ನೂರು ನಿಖರ ಎಂದು ಅದರಲ್ಲಿ ಬರೆದಿತ್ತು. ಅದನ್ನು ಓದಿ ಭಾಗೀರಥಿ ಕಾಗದವನ್ನು ಗೋಡೆಗೆ ಎಸೆದಳು, ಆಮೇಲೆ ತಾನೇ ಎತ್ತಿಕೊಂಡು ಮತ್ತೊಮ್ಮೆ ಓದಿದಳು. ಅದೇ ವಾರ ಒಡ್ಡಿನ ಕಲ್ಲಿಗೆ ಒಂದು ನೋಟಿಸು ಅಂಟಿಸಿದರು. ಐದು ದಿನ ಕದಲದ ಚುಕ್ಕೆಗಳನ್ನು ನೋಡಿ ಯಾವುದೋ ಕಚೇರಿ ಎಚ್ಚೆತ್ತಿತ್ತು. ಎಡದಂಡೆ ಒಡ್ಡಿನ ಮೇಲೆ ಅಕ್ರಮವಾಗಿ ನೆಲೆಸಿರುವ 1,030 ಜನ ಏಳು ದಿನದೊಳಗೆ ಜಾಗ ಖಾಲಿ ಮಾಡತಕ್ಕದ್ದು. ತಗ್ಗಿನಕೊಪ್ಪ ಮಾತ್ರ ಬೇಚರಾಕ್ ಪಟ್ಟಿಯಲ್ಲಿ ಹಾಗೇ ಇತ್ತು. ಒಕ್ಕಲೆಬ್ಬಿಸುವುದಾದರೆ ಸರ್ಕಾರಕ್ಕೆ ಸಾವಿರ ಜನ ಕಾಣುತ್ತಾರೆ, ಉಳಿಸುವುದಾದರೆ ಒಬ್ಬರೂ ಕಾಣುವುದಿಲ್ಲ.

ಭಾಗೀರಥಿಗೆ ಅಮಾನತಿನ ಆದೇಶದ ಜೊತೆ ಹತ್ತು ಪ್ರಶ್ನೆಗಳು ಬಂದವು. ಯಂತ್ರಕ್ಕೆ ಸುಳ್ಳು ಮಾಹಿತಿ ಕೊಟ್ಟದ್ದು ಒಪ್ಪುತ್ತೀರಾ, ಯಾರ ಕುಮ್ಮಕ್ಕು ಇತ್ತು ಎಂಬಂಥವು. ಏಳನೆಯ ಪ್ರಶ್ನೆ ಹೀಗಿತ್ತು: ಘಟನೆಯ ದಿನ ತಗ್ಗಿನಕೊಪ್ಪದಲ್ಲಿ ಜನರಿದ್ದರೆಂದು ನೀವು ಹೇಳುವುದಾದರೆ, ಎಷ್ಟು ಜನರಿದ್ದರು ಎಂಬುದನ್ನು ಪುರಾವೆ ಸಮೇತ ತಿಳಿಸುವುದು.

ಅವಳು ಉಳಿದ ಒಂಬತ್ತಕ್ಕೆ ಉತ್ತರ ಬರೆಯಲಿಲ್ಲ. ಎರಡು ನೋಟ್‌ಬುಕ್ಕು ಕೊಂಡು, ಮರುದಿನ ಬೆಳಿಗ್ಗೆಯೇ ನೀರು ಇಳಿದ ಹಳ್ಳ ದಾಟಿ ತಗ್ಗಿನಕೊಪ್ಪಕ್ಕೆ ಹೋದಳು. ದುರುಗವ್ವ ನಾನೂ ಬರುತ್ತೇನೆ ಎಂದಳು. ಫಕೀರವ್ವ ದಾರಿ ತೋರಿಸಿದಳು. ಮನೆಮನೆಗೆ ಹೋಗಿ, ಹೊಸ್ತಿಲಲ್ಲಿ ಕೂತು, ಹೆಸರು ಬರೆದುಕೊಂಡರು. ಮುದುಕರು, ಬಾಣಂತಿಯರು, ಇನ್ನೂ ಹೆಸರಿಡದ ಕೂಸುಗಳು. ಕೂಸುಗಳಿಗೆ ಇಂಥವರ ಮಗ, ಇಂಥವರ ಮಗಳು ಎಂದು ಬರೆದಳು. ಮಧ್ಯಾಹ್ನದ ಹೊತ್ತಿಗೆ ಒಂದು ನೋಟ್‌ಬುಕ್ಕು ಮುಗಿಯಿತು. ಪ್ರತಿ ಫೋನಿಗೆ ಎರಡೂವರೆ ಮನುಷ್ಯರು ಎಂದು ತಾನು ಕಟ್ಟಿದ್ದ ಲೆಕ್ಕ ನೆನಪಾದಾಗಲೆಲ್ಲ ಅವಳು ಪೆನ್ನನ್ನು ಕಾಗದಕ್ಕೆ ಒತ್ತಿ ಬರೆಯುತ್ತಿದ್ದಳು.

ಹೊಳೆಯ ಕಡೆಯ ಓಣಿಯ ಕೊನೆಯಲ್ಲಿ ಒಂದು ಮನೆಗೆ ಕೀಲಿ ಹಾಕಿತ್ತು. ಅಲ್ಲಿಯವರು ಬಲೆ ಹಾಕಲು ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದಳು ಫಕೀರವ್ವ. ಭಾಗೀರಥಿಗೆ ಕಾಲು ಸೋತಿತ್ತು, ಇನ್ನೂ ಅರವತ್ತು ಮನೆ ಉಳಿದಿದ್ದವು. ಆಮೇಲೆ ನೋಡೋಣ ಎಂದುಕೊಂಡು ಮುಂದಿನ ಮನೆಯ ಕಡೆ ತಿರುಗಿದಳು.

ದುರುಗವ್ವ ಅವಳ ಹಿಂದೆ ಬರಲಿಲ್ಲ. ಕೀಲಿ ಹಾಕಿದ ಬಾಗಿಲ ಮುಂದಿನ ಕಟ್ಟೆಯ ಮೇಲೆ ಸೆರಗು ಹಾಸಿ ಕೂತುಬಿಟ್ಟಿದ್ದಳು.

“ಎಲ್ಲಿ ಹೊಂಟಿ?” ಎಂದಳು. “ಕುಂದರು. ಅವ್ರು ಬರೂತನಾ ಕುಂದರು.”

ಭಾಗೀರಥಿ ತಿರುಗಿ ಬಂದು ಅವ್ವನ ಪಕ್ಕದಲ್ಲಿ ಕೂತಳು. ಬಿಸಿಲು ಕಟ್ಟೆಯಿಂದ ಇಳಿಯಿತು. ಸಂಜೆ ಹೊಳೆಯ ಕಡೆಯಿಂದ ಹೆಗಲ ಮೇಲೆ ಒದ್ದೆ ಬಲೆ ಹೊತ್ತವರು ಬಂದರು. ಗಂಡ, ಹೆಂಡತಿ, ಗಂಡನ ತಾಯಿ, ಎರಡು ಮಕ್ಕಳು. ತಮ್ಮ ಕಟ್ಟೆಯ ಮೇಲೆ ಕೂತಿದ್ದ ಅಪರಿಚಿತರನ್ನು ನೋಡಿ ನಿಂತರು. ಭಾಗೀರಥಿ ನೋಟ್‌ಬುಕ್ಕು ಬಿಚ್ಚಿ ಒಬ್ಬೊಬ್ಬರ ಹೆಸರನ್ನೂ ಕೇಳಿ ಬರೆದುಕೊಂಡಳು. ಐದು ಜನ.